ನನ್ನ ಮೇಲಿನ ಮೂರನೆಯ ದೂರು

ಬೋರ್ಡಿನ ಮುಂದೆ ನನ್ನನ್ನು ಮೊದಲ ಸಲ ಕೂರಿಸಿದಾಗ ನನಗೆ ಇಪ್ಪತ್ತೆರಡು ವರ್ಷ. ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ಬಸವಕಲ್ಯಾಣದಲ್ಲಿ ನಮ್ಮ ಟೆಲಿಫೋನ್ ಆಫೀಸು ಎಂದರೆ ಯಾರದೋ ಹಳೆಯ ಕಲ್ಲುಮನೆಯ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಒಂದು ಬೆಂಚು, ಒಂದು ಮೇಜು, ಗಾಜಿನ ಬಾಗಿಲಿದ್ದ ಮರದ ಬೂತು. ಹಿಂದಿನ ಕೋಣೆಯಲ್ಲಿ ಬೋರ್ಡು. ಆಳೆತ್ತರದ ಆ ಬೋರ್ಡಿನ ಮೇಲೆ ಊರಿನ ಫೋನುಗಳಿಗೆಲ್ಲ ಒಂದೊಂದು ತೂತು, ಪ್ರತಿ ತೂತಿನ ಮೇಲೂ ಒಂದು ಹಿತ್ತಾಳೆಯ ಬಿಲ್ಲೆ. ಊರಿನಲ್ಲಿ ಯಾರಾದರೂ ತಮ್ಮ ಫೋನಿನ ಹಿಡಿಕೆ ತಿರುಗಿಸಿದರೆ ಇಲ್ಲಿ ಅವರ ಬಿಲ್ಲೆ ಟಪ್ಪೆಂದು ಕೆಳಗೆ ಬೀಳುತ್ತಿತ್ತು. ನಾನು ವೈರಿನ ತುದಿಯನ್ನು ಅಲ್ಲಿ ಚುಚ್ಚಿ, "ನಂಬರ್ ಹೇಳಿ" ಅನ್ನಬೇಕು. ಅವರು ಹೇಳಿದ ನಂಬರಿಗೆ ಇನ್ನೊಂದು ತುದಿ ಚುಚ್ಚಬೇಕು. ಅಷ್ಟೇ. ಆ ಅಷ್ಟಕ್ಕೇ ನಾನು ಹುಚ್ಚಿಯಾಗಿಬಿಟ್ಟೆ.

ಖುಷಿ ಅಂದರೆ ಎಂಥ ಖುಷಿ! ಬೆಳಿಗ್ಗೆ ಹುಮನಾಬಾದಿನ ನಮ್ಮ ಮನೆಯಿಂದ ಬಸ್ ಸ್ಟ್ಯಾಂಡಿಗೆ ನಡೆದು ಹೋದವಳಲ್ಲ ನಾನು, ಓಡಿಹೋದವಳು. ಬಸ್ಸು ಕಲ್ಯಾಣ ಮುಟ್ಟುವವರೆಗೂ ಕಾಲು ಕುಣಿಯುತ್ತಿದ್ದವು. ಡಾಕ್ಟರ ಬಿಲ್ಲೆ ಬಿದ್ದರೆ ಯಾರಿಗೆ ಏನಾಯಿತೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು, ತಹಶೀಲ ಕಚೇರಿಯ ಬಿಲ್ಲೆ ಬಿದ್ದರೆ ಬೆನ್ನು ನೆಟ್ಟಗಾಗುತ್ತಿತ್ತು. ಒಮ್ಮೊಮ್ಮೆ ಐದಾರು ಬಿಲ್ಲೆ ಒಟ್ಟಿಗೆ ಬಿದ್ದು ಎರಡೂ ಕೈ ಸಾಲದಾಗ, ಇಡೀ ಊರು ನನ್ನನ್ನೇ ಕೂಗುತ್ತಿದೆ ಅನ್ನಿಸುತ್ತಿತ್ತು. ಸಂಜೆ ಮನೆಗೆ ಬಂದು ಅವ್ವನ ಮುಂದೆ ಎಲ್ಲವನ್ನೂ ಹೇಳಬೇಕೆಂದು ಬಾಯಿ ತುರಿಸುತ್ತಿತ್ತು. ಕೇಳಿಸಿಕೊಂಡದ್ದನ್ನು ಹೊರಗೆ ಆಡಬಾರದೆಂಬ ನಿಯಮ ಇದ್ದುದರಿಂದ ಬರೀ ಬಿಲ್ಲೆಗಳ ಲೆಕ್ಕ ಹೇಳಿ ಮಲಗುತ್ತಿದ್ದೆ.

ಒಂದೇ ತೊಂದರೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಮನೆಯಲ್ಲಿ ನನ್ನನ್ನು ಮಿರ್ಚಿ ಎಂದೇ ಕರೆಯುತ್ತಿದ್ದರು, ಆ ಹೆಸರನ್ನು ನಾನು ದುಡಿದೇ ಗಳಿಸಿಕೊಂಡಿದ್ದೆ. ಫೋನಿನಲ್ಲಿ ಜನ ಚೀರುವುದು ಸಹಜ. ಲೈನು ಸರಿಯಿರುತ್ತಿರಲಿಲ್ಲ, ಚೀರದಿದ್ದರೆ ಕೇಳುತ್ತಿರಲಿಲ್ಲ. ಇದು ಗೊತ್ತಿದ್ದೂ, ಯಾರಾದರೂ ನನಗೆ ಚೀರಿದರೆ ನಾನು ಎರಡರಷ್ಟು ಚೀರುತ್ತಿದ್ದೆ. ಬೇಳೆ ಗಿರಣಿಯ ಸಾಹುಕಾರರೊಬ್ಬರು ಲೈನ್ ಕೊಡುವುದು ತಡವಾಯಿತೆಂದು ರೇಗಿದಾಗ, ನಾನೇನು ನಿಮ್ಮ ಗಿರಣಿಯ ಆಳಲ್ಲ ಎಂದುಬಿಟ್ಟೆ. ಅದು ಮೊದಲನೆಯ ದೂರು. ಇನ್ನೊಬ್ಬರು, ಶಾಲೆಯ ಹೆಡ್ ಮಾಸ್ತರರು, ಒಂದೇ ನಂಬರನ್ನು ಮೂರು ಸಲ ತಪ್ಪು ಹೇಳಿದರು. ನಾಲ್ಕನೆಯ ಸಲ ನಾನು ಅವರಿಗೆ ಅಂಕಿ ಓದುವುದನ್ನು ಕಲಿಸಲು ಹೊರಟೆ. ಅದು ಎರಡನೆಯದು.

ದೂರು ಬರೆಯುವ ಉದ್ದನೆಯ ಬುಕ್ಕೊಂದು ಮುಂದಿನ ಕೋಣೆಯ ಮೇಜಿನ ಖಾನೆಯಲ್ಲಿ ಇರುತ್ತಿತ್ತು. ನಮ್ಮ ಸಾಹೇಬರು ಮೆತ್ತಗಿನ ಮನುಷ್ಯ, ಬೈಯುವುದು ಅವರಿಗೆ ಬರುತ್ತಿರಲಿಲ್ಲ. ಅದಕ್ಕೇ ಅವರು ಕರೆದು ಹೇಳಿದ್ದು ನನಗೆ ಹೆಚ್ಚು ನಾಟಿತು. ನನ್ನ ತರಬೇತಿ ವರ್ಷ ಮುಗಿಯುತ್ತಿದೆ, ಕೆಲಸ ಕಾಯಂ ಮಾಡುವ ಕಾಗದವನ್ನು ತಿಂಗಳ ಕೊನೆಗೆ ಮೇಲಿನ ಆಫೀಸಿಗೆ ಕಳಿಸಬೇಕು. ಅಷ್ಟರೊಳಗೆ ಬುಕ್ಕಿನಲ್ಲಿ ಮೂರನೆಯ ದೂರು ಬಿದ್ದರೆ ತಾವು ಸಹಿ ಹಾಕುವುದು ಕಷ್ಟ ಎಂದರು. ಆ ಬೋರ್ಡು ಬಿಟ್ಟು ನಾನು ಬದುಕುವುದಾದರೂ ಹೇಗೆ? ನಗಬೇಡಿ, ಆ ವಯಸ್ಸಿನಲ್ಲಿ ನಾನು ನಿಜವಾಗಿಯೂ ಹಾಗೇ ಯೋಚಿಸಿದೆ.

ಬೋರ್ಡಿನಲ್ಲಿ ನನ್ನ ಜೊತೆಗಿದ್ದ ಹಿರಿಯರನ್ನು ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ನಿಜಾಮರ ಕಾಲದಲ್ಲಿ ಹೈದರಾಬಾದಿನಲ್ಲಿ ಕೆಲಸ ಕಲಿತವರು. ಉರ್ದು, ಮರಾಠಿ, ಕನ್ನಡ ಮೂರನ್ನೂ ಒಂದೇ ಸಮಾಧಾನದಲ್ಲಿ ಮಾತಾಡುತ್ತಿದ್ದರು. ಅವರ ಮೇಲೆ ಒಂದೂ ದೂರು ಇರಲಿಲ್ಲ. ಅದರ ಗುಟ್ಟೇನೆಂದು ನೋಡಲು ಅವರ ಪಕ್ಕ ಕೂತರೆ ನನಗೆ ಸಿಟ್ಟೇ ಬರುತ್ತಿತ್ತು, ಏಕೆಂದರೆ ಚಾಚಾ ನಿಯಮ ಮುರಿಯುತ್ತಿದ್ದರು.

ಆಗ ಹೊರಗಿನ ಊರಿಗೆ ಮಾಡುವ ಕರೆಗೆ ಮೂರು ನಿಮಿಷ. ಮೂರು ನಿಮಿಷಕ್ಕೆ ನಾವು ನಡುವೆ ಬಾಯಿ ಹಾಕಿ, ಇನ್ನೂ ಬೇಕೇ ಎಂದು ಕೇಳಬೇಕು. ಬೇಡವೆಂದರೆ ವೈರು ಎಳೆಯಬೇಕು. ಅದಕ್ಕೂ ಮೊದಲು ಮಾತಿನ ನಡುವೆ ಬಾಯಿ ಹಾಕುವಂತಿಲ್ಲ. ಆದರೆ ನಮ್ಮ ಕಡೆಯ ಜನ ಮೂರು ನಿಮಿಷದಲ್ಲಿ ಸುದ್ದಿ ಹೇಳುವವರೇ? ಶರಣು ಶರಣಾರ್ಥಿ ಆಗಬೇಕು, ಮನೆಯವರೆಲ್ಲರ ಆರೋಗ್ಯ ಒಬ್ಬೊಬ್ಬರದಾಗಿ ಆಗಬೇಕು, ಮಳೆ, ತೊಗರಿ, ಎಮ್ಮೆ, ಊಟ ಆಗಬೇಕು. ಫೋನ್ ಎತ್ತಿದೊಡನೆ ಕೆಲಸದ ಮಾತು ತೆಗೆಯುವುದು ಎದುರಿನವರಿಗೆ ಮಾಡಿದ ಅವಮಾನ. ಸುದ್ದಿ ದೊಡ್ಡದಿದ್ದಷ್ಟೂ ಕುಶಲ ಉದ್ದ. ಚಾಚಾ ಇದನ್ನು ಬಲ್ಲವರು. ಎರಡು ನಿಮಿಷವಾಗುತ್ತಲೇ ಮೆಲ್ಲಗೆ ನಡುವೆ ಬಂದು, "ಎರಡು ನಿಮಿಷ ಆತ್ರಿ, ಈಗ ಸುದ್ದಿ ಹೇಳ್ರಿ" ಅನ್ನುತ್ತಿದ್ದರು. ಜನ ಬೆಚ್ಚಿ ಸುದ್ದಿಗೆ ಬರುತ್ತಿದ್ದರು. ಇದು ತಪ್ಪಲ್ಲವೇ ಎಂದು ನಾನು ಕೇಳಿದರೆ ಚಾಚಾ ನಕ್ಕು ಪಾನ್ ಬಾಯಿಗಿಟ್ಟುಕೊಳ್ಳುತ್ತಿದ್ದರು. ನಾನಾದರೋ ಕೈಗಡಿಯಾರ ಮುಂದಿಟ್ಟುಕೊಂಡು ಸೆಕೆಂಡು ನೋಡುವ ಶಿಸ್ತಿನ ಸಿಪಾಯಿ.

ಆ ಗುರುವಾರ ಬೂತಿಗೆ ಬಂದವರು ಊರಲ್ಲಿ ಸಣ್ಣ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ಹಿರಿಯರು. ರೈತರ ಕಾಳು ಮಾರಿಸಿಕೊಡುವ ಹುಮನಾಬಾದಿನ ಒಂದು ಅಡತಿ ಅಂಗಡಿಗೆ ಲೈನ್ ಕೇಳಿದರು. ತೊಗರಿ ಮಾರಲು ಹೋಗಿದ್ದ ಅವರ ತಮ್ಮ ಅಲ್ಲಿದ್ದನಂತೆ. ಲೈನ್ ಕೊಟ್ಟೆ. ಫೋನ್ ಎತ್ತಿದ್ದು ಅಡತಿ ಸಾಹುಕಾರರು. ಸಾಹುಕಾರರಿಗೆ ಶರಣಾರ್ಥಿ, ಅವರ ಮಕ್ಕಳ ಓದು, ಅವರ ತಾಯಿಯ ಮೊಣಕಾಲು ನೋವು, ಆಮೇಲೆ ಪೇಟೆಯ ಧಾರಣೆ. ಎರಡೂವರೆ ನಿಮಿಷ ಹೋಯಿತು. ಕಡೆಗೆ ತಮ್ಮ ಫೋನಿಗೆ ಬಂದ. ಊಟ ಆಯಿತೇ ಎಂದು ಇವರು ಕೇಳಿದರು, ಆಯಿತೆಂದು ಅವನೆಂದ. ಗಡಿಯಾರದ ಮುಳ್ಳು ಮೂರಕ್ಕೆ ಮುಟ್ಟಿತು. ನನಗೆ ಹಸಿವಾಗಿತ್ತು, ಬೆಳಿಗ್ಗೆಯಿಂದ ಇಬ್ಬರ ಕೈಲಿ ಬೈಸಿಕೊಂಡಿದ್ದೆ. ಕತ್ತರಿ ಆಡಿಸಿದಂಥ ದನಿಯಲ್ಲಿ ನಡುವೆ ಬಿದ್ದು, ಮೂರು ನಿಮಿಷ ಆಯಿತು, ಇನ್ನೂ ಬೇಕೋ ಬೇಡವೋ ಎಂದೆ.

ಹಿರಿಯರು ಗಾಬರಿಯಾಗಿ ಸುಮ್ಮನಾದರು. ತಮ್ಮನೂ ಸುಮ್ಮನಾದ. ಒಂದು, ಎರಡು, ಮೂರು ಎಂದು ಎಣಿಸಿ, ಬೇಡವೆಂದು ತಿಳಿದು ವೈರು ಎಳೆದುಬಿಟ್ಟೆ. ಬೂತಿನಿಂದ ಹೊರಗೆ ಬಂದ ಹಿರಿಯರು ಮತ್ತೆ ಲೈನ್ ಕೊಡಿರೆಂದು ಕೈಮುಗಿದರು. ಸರದಿಯಲ್ಲಿ ಬನ್ನಿ ಎಂದೆ. ಸರದಿ ಬರುವಷ್ಟರಲ್ಲಿ ಒಂದು ಗಂಟೆ ದಾಟಿತ್ತು, ತಮ್ಮ ಅಡತಿ ಅಂಗಡಿಯಿಂದ ಎದ್ದು ಹೋಗಿದ್ದ. ಹಿರಿಯರು ಟವೆಲು ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ನಾನು ಡಬ್ಬಿ ಬಿಚ್ಚಿ ರೊಟ್ಟಿ ತಿಂದೆ.

ಎರಡು ದಿನ ಬಿಟ್ಟು, ಶನಿವಾರ ಮಧ್ಯಾಹ್ನ. ಸಾಹೇಬರು ಬೀದರಿಗೆ ಹೋಗಿದ್ದರು. ಚಾಚಾ ಬೋರ್ಡಿನಲ್ಲಿದ್ದರು, ನಾನು ಮುಂದಿನ ಮೇಜಿನಲ್ಲಿ. ಧೋತರ ಉಟ್ಟ, ಪಟಕಾ ಸುತ್ತಿದ, ನಡುವಯಸ್ಸು ದಾಟಿದ ಒಬ್ಬರು ಒಳಗೆ ಬಂದರು. ಮುಡಬಿಯಿಂದ ಬಂದವರು, ಬಸ್ಸಿನ ಧೂಳು ಇನ್ನೂ ಮೀಸೆಯ ಮೇಲಿತ್ತು.

"ದೂರು ಬರಸಬೇಕಾಗ್ಯಾದ್ರಿ ಬಾಯಾರ. ಅದಕ್ಕೊಂದು ಬುಕ್ ಅದ ಅಂತಲ್ಲ, ತೆಗೀರಿ."

ಖಾನೆ ಎಳೆದೆ. ಬುಕ್ಕು, ಪೆನ್ನು ಅವರ ಮುಂದೆ ಸರಿಸಿದೆ. ಅವರು ವಾಪಸು ನನ್ನ ಕಡೆಗೇ ಸರಿಸಿದರು. ತಮಗೆ ಓದು ಬರಹ ಬಾರದು, ತಾವು ಹೇಳುತ್ತಾರೆ, ನಾನು ಬರೆಯಬೇಕು.

ಬರೆಯಲು ಕೂತೆ. ಅವರು ಹೇಳತೊಡಗಿದರು. ಗುರುವಾರ ತಾವು ಹುಮನಾಬಾದಿನ ಪೇಟೆಯಲ್ಲಿದ್ದದ್ದು, ಅಣ್ಣ ಫೋನ್ ಮಾಡಿದ್ದು, ಮಾತು ಶುರುವಾಗುವ ಮೊದಲೇ ಲೈನ್ ಕಡಿದದ್ದು. ಎರಡನೆಯ ಸಾಲಿಗೇ ನನಗೆ ಗೊತ್ತಾಯಿತು. ಅವರಿಗೆ ನನ್ನ ದನಿಯ ಗುರುತು ಹತ್ತಿರಲಿಲ್ಲ. ಅವತ್ತಿನ ದನಿ ನನ್ನದಾಗಿದ್ದರೂ, ಇವತ್ತಿನ ದನಿಗೆ ಜೀವವೇ ಇರಲಿಲ್ಲ. ಅಣ್ಣ ಎರಡನೆಯ ಸಲ ಕೈಮುಗಿದು ಕೇಳಿದರೂ ಲೈನ್ ಕೊಡಲಿಲ್ಲವೆಂದು ಬರೆಸಿದರು. ಆಮೇಲೆ ಒಂದೊಂದೇ ಮಾತು ಬಿಡಿಸಿ ಹೇಳಿದರು.

"ಈ ಆಫೀಸಿನ್ಯಾಗ ಒಬ್ಬಾಕಿ ಹುಡುಗಿ ಅದಾಳ. ಆಕಿಗೆ ಕಿವಿ ಅವ, ಕರುಳಿಲ್ಲ."

ಸುಳ್ಳು ಹೇಳಬಾರದು, ಪೆನ್ನು ನಿಂತಿತು. ಬೇರೆ ಏನಾದರೂ ಬರೆದರೆ ಇವರಿಗೆ ತಿಳಿಯುವುದಿಲ್ಲ ಎಂಬ ಯೋಚನೆ ಬಂದೇ ಬಂತು. ಲೈನಿನಲ್ಲಿ ದೋಷವಿತ್ತು ಎಂದು ಬರೆದು, ಹೆಬ್ಬೆಟ್ಟು ಒತ್ತಿಸಿಕೊಂಡು, ತಿಂಗಳ ಕೊನೆಗೆ ಕಾಯಂ ಆಗಿಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಮನುಷ್ಯ ನನ್ನ ಪೆನ್ನಿನ ತುದಿಯನ್ನೇ ನೋಡುತ್ತಿದ್ದರು, ತಮ್ಮ ಮಾತು ಅಲ್ಲಿ ಅಕ್ಷರವಾಗುವುದನ್ನು ಕಾಯುತ್ತಿದ್ದರು. ಅಷ್ಟು ನಂಬಿಕೆಯಿಂದ ನನ್ನ ಕೈಯನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ನಾನು ಬರೆದೆ. ಕಿವಿ ಅವ, ಕರುಳಿಲ್ಲ.

"ಆಕಿ ಹೆಸರು ಹಾಕ್ರಿ. ಏನ್ರಿ ಆಕಿ ಹೆಸರು?"

"ಆಕಿ ನಾನ ಕಾಕಾ."

ಅವರು ನನ್ನನ್ನು ನೋಡಿದರು, ಬುಕ್ಕನ್ನು ನೋಡಿದರು. ತಾವು ಹೇಳಿದ್ದನ್ನೇ ಬರೆದಿದ್ದೇನೆಯೇ ಎಂಬ ಅನುಮಾನ ಮುಖದಲ್ಲಿ ಕಾಣಿಸಿತು. ಕೇಳುವ ಮೊದಲೇ ನಾನು ಮೊದಲಿನಿಂದ ಓದಿ ಹೇಳಿದೆ. ಕರುಳಿನ ಮಾತನ್ನೂ ಬಿಡದೆ ಓದಿದೆ. ಕೆಳಗೆ ನನ್ನ ಹೆಸರು ಬರೆದೆ. ಅವರು ಬೆಂಚಿನ ಮೇಲೆ ಧೊಪ್ಪನೆ ಕೂತರು. ಬೈಯಲು ಇಟ್ಟುಕೊಂಡಿದ್ದ ಮಾತೆಲ್ಲ ಎಲ್ಲಿಗೋ ಹೋಗಿ, ಕೈ ನಡುಗುತ್ತಿದ್ದದ್ದಷ್ಟೇ ಉಳಿದಿತ್ತು.

ಆ ಕೈ ನೋಡಿ ನನಗೆ ಮೊದಲ ಸಲ ತಿಳಿಯಿತು, ಇದು ಸಿಟ್ಟಲ್ಲ. ಹೆದರಿಕೆ. ಇಷ್ಟು ದಿನ ನನ್ನ ಮೇಲೆ ಚೀರಿದವರಲ್ಲಿ ಎಷ್ಟು ಜನ ಹೀಗೆ ಹೆದರಿ ಚೀರಿದ್ದರೋ! ನೀರು ಕೊಟ್ಟು, ಅಣ್ಣ ಅವತ್ತು ಹೇಳಬೇಕೆಂದಿದ್ದ ಸುದ್ದಿ ಏನೆಂದು ಕೇಳಿದೆ. ಗುರುವಾರವೇ ಕೇಳಬೇಕಾಗಿದ್ದ ಪ್ರಶ್ನೆ ಅದು.

ಅವರ ಮಗಳನ್ನು ನೋಡಲು ಬೀದರಿನ ಕಡೆಯವರು ಸೋಮವಾರ ಬರುವುದೆಂದು ಗೊತ್ತಾಗಿತ್ತು. ಆದರೆ ಬೇರೇನೋ ಕೆಲಸದ ಮೇಲೆ ಗುರುವಾರವೇ ಕಲ್ಯಾಣಕ್ಕೆ ಬಂದವರು, ಹೇಗೂ ಬಂದಿದ್ದೇವೆ, ಇವತ್ತೇ ಮುಡಬಿಗೆ ಹೋಗಿ ಹುಡುಗಿಯನ್ನು ನೋಡಿಬಿಡುತ್ತೇವೆ ಎಂದು ಅಣ್ಣನ ಅಂಗಡಿಗೆ ಬಂದು ಹೇಳಿದರು. ಮಧ್ಯಾಹ್ನದ ಬಸ್ಸಿಗೆ ಬಾ ಎಂದು ತಮ್ಮನಿಗೆ ಹೇಳಲು ಅಣ್ಣ ಬೂತಿಗೆ ಓಡಿಬಂದರು. ಓಡಿಬಂದವರೂ ಸಾಹುಕಾರರ ತಾಯಿಯ ಮೊಣಕಾಲು ವಿಚಾರಿಸದೆ ಇರಲಿಲ್ಲ. ಅತ್ತ ಮುಡಬಿಯಲ್ಲಿ, ಅಪ್ಪನಿಲ್ಲದೆ ಹುಡುಗಿಯನ್ನು ಹೊರಗೆ ತಂದು ಕೂರಿಸುವ ಪದ್ಧತಿಯಿಲ್ಲ. ಬಂದವರು ಉಪ್ಪಿಟ್ಟು ತಿಂದು, ಸಂಜೆವರೆಗೆ ಕಾದು, ಮುಖ ಸಣ್ಣದು ಮಾಡಿಕೊಂಡು ಎದ್ದುಹೋದರು. ಹುಡುಗಿಯ ಅಪ್ಪ ಬೇಕೆಂದೇ ತಪ್ಪಿಸಿಕೊಂಡ ಎಂದು ಅವರ ಅನುಮಾನ. ಅಂದಿನಿಂದ ಮಗಳು ಅಪ್ಪನ ಜೊತೆ ಮಾತು ಬಿಟ್ಟಿದ್ದಳು.

ಹುಡುಗನ ಸೋದರಮಾವನದು ಬೀದರಿನಲ್ಲಿ ಅಂಗಡಿ, ಫೋನಿದೆ ಎಂದು ಮಾತಿನ ನಡುವೆ ತಿಳಿಯಿತು. ಕೇಳಿದ್ದೇ ತಡ, ನನ್ನೊಳಗಿನ ಹುಚ್ಚಿ ಎದ್ದು ಕೂತಳು. ಈಗಲೇ ಮಾತಾಡಿ ಎಂದೆ. ಹ್ಯಾಗೆ ಮಾತಾಡಲಿ, ಬಾಯಿ ಬರುವುದಿಲ್ಲ ಎಂದರು. ನಾನಿದ್ದೇನೆ ಎಂದು ಒಳಗೆ ಓಡಿ ಚಾಚಾರನ್ನು ಕುರ್ಚಿಯಿಂದ ಎಬ್ಬಿಸಿ ಬೋರ್ಡಿಗೆ ಕೂತೆ. ಚಾಚಾ ಮುಂದಿನ ಕೋಣೆಗೆ ಹೋಗಿ ಅವರಿಗೆ ಚಹಾ ತರಿಸಿದರು. ಬೀದರಿನ ಲೈನ್ ಸಿಗಲು ಮುಕ್ಕಾಲು ಗಂಟೆ ಬೇಕಾಯಿತು. ನಮಗೆ ಬೀದರಿನ ಲೈನ್ ಕೂಡಿಸುತ್ತಿದ್ದ ಹುಮನಾಬಾದಿನ ಆಪರೇಟರಿಗೆ ನಾನು ಅಷ್ಟು ಸಲ ಫೋನ್ ಮಾಡಿ ಒಮ್ಮೆಯೂ ರೇಗದಿದ್ದದ್ದು ನೋಡಿ, ಮೈಯಲ್ಲಿ ಹುಷಾರಿಲ್ಲವೇ ಎಂದು ಆತ ಕೇಳಿದ.

ಲೈನ್ ಸಿಕ್ಕಿತು! ಕಾಕಾ ಬೂತಿಗೆ ಹೋದರು. ಬಾಗಿಲ ಸಂದಿಯಿಂದ ಬೂತಿನ ಗಾಜು ನನಗೆ ಕಾಣುತ್ತಿತ್ತು. ಶರಣ್ರಿ ಎಂದರು, ಆರೋಗ್ಯ ಕೇಳಿದರು, ಬೀದರಿನ ಮಳೆ ಕೇಳಿದರು, ಅಂಗಡಿಯ ವ್ಯಾಪಾರ ಕೇಳಿದರು. ಆ ಕಡೆಯಿಂದ ಪ್ರತಿಯೊಂದಕ್ಕೂ ಒಣಗಿದ ಒಂದು ಹೂಂ. ಬೇರೆ ದಿನವಾಗಿದ್ದರೆ ಆ ಹೂಂ ನನಗೆ ಸೊಕ್ಕಿನಂತೆ ಕೇಳುತ್ತಿತ್ತು. ಅವತ್ತು ಕಿವಿಯಿಟ್ಟು ಕೇಳಿದರೆ, ಆ ಮನುಷ್ಯನೂ ಒಂದು ಮಾತಿಗಾಗಿ ಕಾಯುತ್ತಿದ್ದ. ಎರಡು ನಿಮಿಷವಾಯಿತು. ನಿಯಮ ಗಿಯಮ ಎಲ್ಲ ಬದಿಗಿಟ್ಟೆ.

"ಕಾಕಾ, ಎರಡು ನಿಮಿಷ ಆತ್ರಿ. ಈಗ ಮನಸಿನ್ಯಾಗಿಂದು ಹೇಳ್ರಿ."

ಗಾಜಿನ ಹಿಂದೆ ಅವರು ಕಣ್ಣು ಮುಚ್ಚಿಕೊಂಡರು. ತಾವು ಅವತ್ತು ಬೇಕೆಂದೇ ತಪ್ಪಿಸಿಕೊಂಡದ್ದಲ್ಲ, ಸುದ್ದಿ ತಮಗೆ ಮುಟ್ಟಲೇ ಇಲ್ಲ, ಮನೆಗೆ ಬಂದವರಿಗೆ ಅಪಮಾನ ಆಯಿತು, ಅದಕ್ಕೆ ತಾವು ಎರಡು ದಿನದಿಂದ ಉಂಡಿಲ್ಲ ಎಂದು ಒಂದೇ ಉಸಿರಿಗೆ ಹೇಳಿದರು. ಅಣ್ಣ ಫೋನ್ ಮಾಡಲು ಹೋಗಿದ್ದನಲ್ಲ, ಸುದ್ದಿ ಯಾಕೆ ಮುಟ್ಟಲಿಲ್ಲ ಎಂದು ಆ ಕಡೆಯ ದನಿ ಕೇಳಿತು. ಕಾಕಾ ಗಾಜಿನಾಚೆಯಿಂದ ನನ್ನ ಕಡೆ ನೋಡಿದರು. ಲೈನ್ ಕಡೀತ್ರಿ ಎಂದರು, ಅಷ್ಟೇ. ನನ್ನ ಹೆಸರೆತ್ತಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಲೈನ್ ಕಡದಾಕಿ ನಾನ್ರಿ. ಇವರದೇನೂ ತಪ್ಪಿಲ್ರಿ."

ಆ ಕಡೆ ಸದ್ದಿಲ್ಲ. ಈ ಕಡೆ ಸದ್ದಿಲ್ಲ. ಮುಳ್ಳು ಮೂರಕ್ಕೆ ಮುಟ್ಟಿತು, ದಾಟಿತು. ಮುಂದುವರಿಸಲೇ ಎಂದು ಮೆಲ್ಲಗೆ ಕೇಳಿ ಕಾದೆ. ಎಣಿಸಲಿಲ್ಲ. ವೈರಿನಿಂದ ಕೈಯನ್ನೇ ತೆಗೆದು ಮಡಿಲಲ್ಲಿಟ್ಟುಕೊಂಡೆ. ಎಷ್ಟು ಹೊತ್ತೋ ಗೊತ್ತಿಲ್ಲ, ಕಡೆಗೆ ಆ ಸೋದರಮಾವ ಬಾಯಿ ಬಿಟ್ಟ. ಮುಂದುವರಿಸಿರಿ ಬಾಯಾರ ಎಂದ. ಆಮೇಲೆ ಕಾಕಾರಿಗೆ, ಸೋಮವಾರ ಬರುತ್ತೇವೆ, ಉಪ್ಪಿಟ್ಟು ಮಾತ್ರ ಬೇಡ ಎಂದ. ಕಾಕಾ ಬೂತಿನಲ್ಲಿ ನಗುತ್ತ ಅಳುತ್ತಿದ್ದರು. ನಾನು ಬೋರ್ಡಿನ ಮುಂದೆ ಕುರ್ಚಿಯಲ್ಲೇ ಕುಪ್ಪಳಿಸಿದೆ. ಐದು ಬಿಲ್ಲೆ ಬಿದ್ದಿದ್ದವು, ಊರೆಲ್ಲ ಕಾಯುತ್ತಿತ್ತು, ಒಬ್ಬೊಬ್ಬರಿಗೂ ತಡವಾಯಿತೆಂದು ಮನಸಾರೆ ಕ್ಷಮೆ ಕೇಳುತ್ತ ಲೈನ್ ಕೊಟ್ಟೆ. ಕೆಲಸವೆಂದರೆ ಇದು ಎಂದು ನನಗೆ ಅವತ್ತು ಗೊತ್ತಾಯಿತು. ಮುಂದೆ ಎಷ್ಟೋ ವರ್ಷ ದುಡಿದೆ, ಅಂಥ ಸಂತೋಷವನ್ನು ಸಂಬಳದ ದಿನವೂ ಕಂಡಿಲ್ಲ.

ಕಾಕಾ ಹೊರಗೆ ಬಂದವರು ಮತ್ತೆ ಮೇಜಿನ ಹತ್ತಿರ ನಿಂತರು. ಬುಕ್ಕು ತೆಗೆ ಎಂದರು. ದೂರನ್ನು ಹೊಡೆದುಹಾಕಲು ಹೇಳುತ್ತಾರೆಂದು ಆಸೆಪಟ್ಟೆ, ಯಾಕೆ ಮುಚ್ಚಿಡಲಿ. ಪೆನ್ನನ್ನು ಆ ಸಾಲುಗಳ ಮೇಲೆ ಹಿಡಿದೂಬಿಟ್ಟಿದ್ದೆ.

"ಹೊಡಿಬ್ಯಾಡ ಮಗಳ. ಖರೇ ಆಗಿದ್ದು ಹಂಗ ಇರಲಿ. ಅದರ ಕೆಳಗ ಬರೀ."

ಅವರು ಹೇಳಿದರು, ನಾನು ಬರೆದೆ. ನನ್ನ ಬಗ್ಗೆ ಕೆಟ್ಟದ್ದನ್ನು ಬರೆದವಳು ಒಳ್ಳೆಯದನ್ನು ಬರೆಯಲಾರೆ ಎಂದು ಎರಡು ಸಲ ಹೇಳಿದೆ, ಎರಡು ಸಲವೂ ಅವರು ಬಿಡಲಿಲ್ಲ. ಆಮೇಲೆ ಮಸಿ ಹಚ್ಚಿ ಹೆಬ್ಬೆಟ್ಟು ಒತ್ತಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ಸೋಮವಾರ ಸಾಹೇಬರು ಬಂದು ಬುಕ್ಕು ತೆರೆದರು. ನಾನು ಎದುರಿಗೆ ನಿಂತಿದ್ದೆ. ಮೂರನೆಯ ದೂರು ಬಿದ್ದಿತ್ತು, ಅದನ್ನು ಯಾರೂ ಇಲ್ಲವೆನ್ನುವಂತಿರಲಿಲ್ಲ. ಸಾಹೇಬರು ಪೂರ್ತಿ ಓದಿದರು. ಇದು ನಿನ್ನ ಅಕ್ಷರವಲ್ಲವೇ ಎಂದರು. ಹೌದೆಂದೆ. ಕೆಳಗಿನ ಹೊಗಳಿಕೆಯೂ ನಿನ್ನ ಅಕ್ಷರವೇ, ಮೇಲಿನವರು ನೋಡಿದರೆ ನೀನೇ ಬರೆದುಕೊಂಡೆ ಅನ್ನುವುದಿಲ್ಲವೇ ಎಂದರು. ಅದಕ್ಕೂ ಹೌದೆಂದೆ. ಅವರು ಮತ್ತೆ ಮೊದಲಿನಿಂದ ಓದಿದರು, ಈ ಸಲ ಬೆರಳಿಟ್ಟು, ನಿಧಾನವಾಗಿ. ಕರುಳಿನ ಮಾತಿನ ಮೇಲೆ ಬೆರಳು ನಿಂತಿತು.

"ತನ್ನ ಮ್ಯಾಲ ಇಂಥಾದ್ದು ಬರಕೊಂಡಾಕಿ, ಕೆಳಗ ಸುಳ್ಳು ಯಾಕ ಬರದಾಳು?"

ನನ್ನ ಕಾಯಂ ಕಾಗದ ತೆಗೆದು ಸಹಿ ಹಾಕಿದರು. ಜೊತೆಗೆ ಬುಕ್ಕಿನ ಆ ಪುಟವನ್ನು ಮೊದಲಿನಿಂದ ಕೊನೆಯವರೆಗೆ, ಒಂದು ಮಾತೂ ಬಿಡದೆ ನಕಲು ಮಾಡಿ ಮೇಲಿನ ಆಫೀಸಿಗೆ ಕಳಿಸಬೇಕೆಂದರು. ನಕಲು ಮಾಡಲು ನನಗೆ ಕೊಡಲಿಲ್ಲ, ತಾವೇ ಕೂತರು. ಬರೆಯುತ್ತ ಬರೆಯುತ್ತ ಕೊನೆಯ ಸಾಲುಗಳನ್ನು ಗಟ್ಟಿಯಾಗಿ ಓದಿಕೊಂಡರು: "ಈಕಿ ತನ್ನ ತಪ್ಪು ತಾನ ಬರದಾಳ. ಈಕಿನ್ನ ಇಲ್ಲೇ ಕೂಡ್ಸ್ರಿ. ನನ್ನ ಮಗಳ ಮದಿವಿ ಫೋನ್ ಎಲ್ಲಾ ಈಕಿ ಕೈಲೇ ಹೋಗಬೇಕು."